ಗಾಳಿಪಟದ ಆಟ ಕಲಿತ ಮಂಜುಳಮ್ಮ

ಮಂಜುಳಮ್ಮನಿಗೆ ಅರವತ್ತನಾಲ್ಕು ತುಂಬಿದ ವರ್ಷ, ಮಂಡಿನೋವಿಗೆ ಮೆತ್ತನೆಯ ಚಪ್ಪಲಿ ಕೊಡಿಸುತ್ತೇನೆಂದು ಮಗಳು ಯಮುನಾ ಅವಳನ್ನು ಮಹದೇವಪುರದ ಒಂದು ಮಾಲಿಗೆ ಕರೆದುಕೊಂಡು ಹೋದಳು. ಓಡುವ ಮೆಟ್ಟಿಲೆಂದರೆ ಮಂಜುಳಮ್ಮನಿಗೆ ಭಯ. ಲಿಫ್ಟಿನಲ್ಲಿ ಹೋದರು. ಯಾರೋ ತಪ್ಪು ಗುಂಡಿ ಒತ್ತಿದ್ದರಿಂದ ಬಾಗಿಲು ಮೂರನೇ ಮಹಡಿಯಲ್ಲಿ ತೆರೆಯಿತು. ಬಣ್ಣದ ದೀಪಗಳು, ಮಕ್ಕಳ ಕೂಗಾಟ, ಸಾಲುಸಾಲು ಆಟದ ಮಷೀನುಗಳು. ಯಮುನಾ ಮತ್ತೆ ಗುಂಡಿ ಒತ್ತುವಷ್ಟರಲ್ಲಿ ಮಂಜುಳಮ್ಮ ಹೊರಗೆ ಕಾಲಿಟ್ಟಾಗಿತ್ತು.

"ಅಮ್ಮ, ಇದಲ್ಲ ನಮ್ಮ ಫ್ಲೋರು."

ಮಂಜುಳಮ್ಮ ಕೈ ಎತ್ತಿ ಸುಮ್ಮನಿರು ಎಂದಳು. ತಲೆ ವಾಲಿಸಿ ಏನನ್ನೋ ಕೇಳಿಸಿಕೊಳ್ಳುತ್ತಿದ್ದಳು. "ಗಾಳಿಪಟದ ಆಟ," ಎಂದಳು. "ಎರಡನೇ ರೌಂಡು. ಈಗ ಕೊಕ್ಕರೆ ಬರುತ್ತೆ ನೋಡು."

ಯಮುನಾ ಸದ್ದು ಬಂದ ಕಡೆಗೆ ಹೋಗಿ ನೋಡಿದಳು. ಒಂದು ಮೂಲೆಯಲ್ಲಿ ಹಳೆಯ ಕಾಲದ ಒಂದೇ ಒಂದು ಮಷೀನು ಇತ್ತು. ಅದರ ಮುಂದೆ ಇಬ್ಬರು ಕಾಲೇಜು ಹುಡುಗಿಯರು ನಗುತ್ತ ಗುಂಡಿ ಕುಟ್ಟುತ್ತಿದ್ದರು. ಪರದೆಯ ಮೇಲೆ ಕೆಂಪು ಗಾಳಿಪಟದ ಮೇಲೆ ಕುಳಿತ ಪುಟ್ಟ ಹುಡುಗಿಯೊಬ್ಬಳು ಮೋಡಗಳ ಮಧ್ಯೆ ಹಾರುತ್ತಿದ್ದಳು. ಯಮುನಾ, ಅವಳ ಹಿಂದೆಯೇ ಬಂದ ಮಂಜುಳಮ್ಮ ಇಬ್ಬರೂ ನೋಡುತ್ತಿರುವಂತೆಯೇ ಮೋಡ ಸೀಳಿಕೊಂಡು ಒಂದು ಕಬ್ಬಿಣದ ಕೊಕ್ಕರೆ ಹೊರಗೆ ಬಂತು.

ಅದು ಪವಾಡವೇನೂ ಆಗಿರಲಿಲ್ಲ. ಗಂಡ ಚಲುವಯ್ಯ ಕಾಮಾಲೆಯಿಂದ ತೀರಿಕೊಂಡ ಮೇಲೆ, ಆರು ವರ್ಷದ ಮಗಳನ್ನು ಕಟ್ಟಿಕೊಂಡು ಮಂಜುಳಮ್ಮ ಮೊದಲು ಹಿಡಿದ ಕೆಲಸವೇ ಶಿವಾಜಿನಗರದ ಒಂದು ವಿಡಿಯೋ ಗೇಮ್ ಪಾರ್ಲರಿನಲ್ಲಿ ಟೋಕನ್ ಕೊಡುವುದು. ಹದಿನಾಲ್ಕು ವರ್ಷ ಅಲ್ಲಿದ್ದಳು. ಅವಳ ಕೌಂಟರು ಬೀದಿಬಾಗಿಲಿಗೆ ಮುಖ ಮಾಡಿತ್ತು. ಮಷೀನುಗಳೆಲ್ಲ ಬೆನ್ನ ಹಿಂದೆ. ಕಣ್ಣು ಬರುವವರ ಕೈ ಮೇಲೆ, ಕಿವಿ ಮಾತ್ರ ಹಿಂದೆ. ಯಾವ ಹುಡುಗ ಯಾವ ಮಷೀನಿನಲ್ಲಿ ಎಷ್ಟನೇ ರೌಂಡಿನಲ್ಲಿದ್ದಾನೆ, ಎಲ್ಲಿ ಸಾಯುತ್ತಾನೆ, ಇನ್ನೆಷ್ಟು ಹೊತ್ತಿಗೆ ಮತ್ತೊಂದು ಟೋಕನ್ನಿಗೆ ಓಡಿ ಬರುತ್ತಾನೆ ಎನ್ನುವುದೆಲ್ಲ ತಿರುಗಿ ನೋಡದೆಯೇ ತಿಳಿಯುತ್ತಿತ್ತು. ಮಷೀನುಗಳು ಜಪಾನಿನವು. ಹೆಸರು ಜಪಾನಿ ಅಕ್ಷರದಲ್ಲಿದ್ದುದರಿಂದ ಹುಡುಗರೇ ಹೆಸರಿಟ್ಟುಕೊಂಡಿದ್ದರು: ಕುಸ್ತಿ ಆಟ, ಕಪ್ಪೆ ಆಟ, ಗಾಳಿಪಟದ ಆಟ.

"ನೀನು ಒಂದ್ಸಲಾನೂ ಆಡಿಲ್ವಾ?" ಎಂದು ಯಮುನಾ ವಾಪಸು ಬರುವ ಬಸ್ಸಿನಲ್ಲಿ ಕೇಳಿದಳು.

"ನಾನ್ಯಾಕೆ ಆಡ್ಲಿ? ಅದು ಹುಡುಗ್ರು ಆಡೋದು." ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದ ಮಂಜುಳಮ್ಮ ತನಗೇ ಹೇಳಿಕೊಂಡಂತೆ ಅಂದಳು: "ಆ ಕೊಕ್ಕರೆ ಅಷ್ಟು ದೊಡ್ಡದು ಅಂತ ಗೊತ್ತೇ ಇರ್ಲಿಲ್ಲ."

ಚಪ್ಪಲಿ ಕೊಳ್ಳುವುದು ಮರೆತೇ ಹೋಗಿತ್ತು.

ಯಮುನಾ ಕೆ.ಆರ್. ಪುರದ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ತಲೆಗೆ ಒಂದು ವಿಷಯ ಹೊಕ್ಕರೆ ಬಿಡುವವಳಲ್ಲ. ಪಾರ್ಲರು ಮುಚ್ಚಿದ ಮೇಲೆ ಅಮ್ಮ ಹೊಸ ತಿಪ್ಪಸಂದ್ರದ ಬೇಕರಿಯೊಂದರ ಗಲ್ಲಾದಲ್ಲಿ ಇನ್ನೊಂದು ಹದಿನೈದು ವರ್ಷ ಕೂತಿದ್ದು, ಮಂಡಿ ಕೈಕೊಟ್ಟ ಮೇಲೆ ಹಲಸೂರಿನ ಗೌತಮಪುರದ ಎರಡು ಕೋಣೆಯ ಮನೆಯಲ್ಲಿ ಗೋಡೆ ನೋಡುತ್ತ ಕೂರುವಂತಾಗಿದ್ದು, ಎಲ್ಲ ಅವಳ ಕಣ್ಣ ಮುಂದೆಯೇ ನಡೆದಿತ್ತು. ಮುಂದಿನ ಶನಿವಾರ ಶಾಲೆ ಮುಗಿಸಿದವಳೇ ಶಿವಾಜಿನಗರಕ್ಕೆ ಹೋಗಿ ಅಕ್ತರನನ್ನು ಹುಡುಕಿದಳು.

ಅಕ್ತರ್ ಆ ಪಾರ್ಲರಿನ ಮೆಕ್ಯಾನಿಕ್ ಆಗಿದ್ದವನು. ಈಗ ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದಷ್ಟು ಚಿಕ್ಕ ಅಂಗಡಿಯಲ್ಲಿ ಮಿಕ್ಸಿ, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುತ್ತಿದ್ದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಯಮುನಾ ಹೆಸರು ಹೇಳಿದಾಗ ಕೈಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು ಎದ್ದು ನಿಂತ.

"ಯಾ ಅಲ್ಲಾ! ಮಂಜುಳಕ್ಕನ ಮಗಳು! ಸ್ಟೂಲ್ ಮೇಲೆ ಕೂತ್ಕೊಂಡು ಲೆಕ್ಕ ಮಾಡ್ತಿದ್ದ ಮಗು!"

ವಿಷಯ ಕೇಳಿ ಅವನಿಗೆ ಖುಷಿಯೋ ಖುಷಿ. ಈಗ ಬೀರುವಿನಷ್ಟು ದೊಡ್ಡ ಮಷೀನು ಬೇಕಿಲ್ಲ ಎಂದ. ಟಿವಿಗೆ ಸಿಕ್ಕಿಸುವ ಒಂದು ಪುಟ್ಟ ಪೆಟ್ಟಿಗೆ ಸಾಕು. ಹಳೆಯ ಜಪಾನಿ ಆಟಗಳನ್ನು ಅದರೊಳಗೆ ತುಂಬಿ ಕಂಪನಿಯವರೇ ಮಾರುತ್ತಾರೆ. ಗಾಳಿಪಟದ ಆಟವೂ ಸಿಗುತ್ತದೆ. "ಆದ್ರೆ ಅದ್ರ ಜೊತೆ ಬರೋ ರಿಮೋಟ್ ಇದ್ಯಲ್ಲ, ಅದು ಹೆಬ್ಬೆರಳಲ್ಲಿ ಆಡೋದು. ಅಕ್ಕನ ಕೈಗೆ ಆಗಲ್ಲ. ಹ್ಯಾಂಡಲ್ ಬೇಕು. ಅದು ನಾನು ಮಾಡ್ತೀನಿ."

ಎರಡು ವಾರ ಬಿಟ್ಟು ಒಂದು ಭಾನುವಾರ ಬೆಳಿಗ್ಗೆ ಅಕ್ತರ್ ಗೌತಮಪುರಕ್ಕೆ ಬಂದ. ಕೈಚೀಲದಲ್ಲಿ ಟಿವಿಗೆ ಸಿಕ್ಕಿಸುವ ಪುಟ್ಟ ಪೆಟ್ಟಿಗೆ, ಕಂಕುಳಲ್ಲಿ ಬಟ್ಟೆ ಸುತ್ತಿದ ಮರದ ಪೆಟ್ಟಿಗೆ. ಎಡಕ್ಕೆ ಕೆಂಪು ಗುಂಡು ತಲೆಯ ಹ್ಯಾಂಡಲ್, ಬಲಕ್ಕೆ ಗುಂಡು ಹಾರಿಸಲು ಎರಡು ದೊಡ್ಡ ಗುಂಡಿ, ಮೇಲೆ ಒಂದು ಚಿಕ್ಕ ಗುಂಡಿ. ಅಂಚುಗಳನ್ನೆಲ್ಲ ಮರಳು ಕಾಗದದಲ್ಲಿ ಉಜ್ಜಿ ನುಣುಪು ಮಾಡಿದ್ದ. ಯಮುನಾ ಟಿವಿ ಪಕ್ಕದ ಬುದ್ಧನ ಮೂರ್ತಿಯನ್ನು ಜೋಪಾನವಾಗಿ ಕಪಾಟಿನ ಮೇಲೆ ಬಾಬಾಸಾಹೇಬರ ಫೋಟೋದ ಕೆಳಗೆ ಇಟ್ಟು ಜಾಗ ಮಾಡಿಕೊಟ್ಟಳು.

ಮಂಜುಳಮ್ಮ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಟೀ ಮಾಡುತ್ತೇನೆಂದು ಹೋದವಳು ಹಾಲು ಉಕ್ಕಿ ಇಳಿದರೂ ಅಲ್ಲೇ ನಿಂತಿದ್ದಳು. ಹೊರಗೆ ಕೂತಿದ್ದ ಮಗಳಿಗೆ ಆ ಹಳೆಯ ದಿನ ನೆನಪಿದೆಯೋ ಇಲ್ಲವೋ. ಅವಳಿಗಂತೂ ಮರೆತಿರಲಿಲ್ಲ.

ಯಮುನಾಗೆ ಆಗ ಒಂಬತ್ತು ವರ್ಷ. ಶಾಲೆ ಬಿಟ್ಟ ಮೇಲೆ ನೇರ ಪಾರ್ಲರಿಗೆ ಬಂದು ಅಮ್ಮನ ಪಕ್ಕ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಕೆಲಸದವರಾಗಲಿ ಅವರ ಮನೆಯವರಾಗಲಿ ಮಷೀನು ಮುಟ್ಟಕೂಡದೆಂದು ಓನರ್ ಬಸಣ್ಣನ ಕಟ್ಟಪ್ಪಣೆ. ಒಂದು ಸಂಜೆ ಮಂಜುಳಮ್ಮ ಎಂದಿನಂತೆ ಬೀದಿ ನೋಡುತ್ತ ಕೂತಿದ್ದಾಗ ಗಾಳಿಪಟದ ಆಟ ಶುರುವಾದ ಸದ್ದು ಕೇಳಿಸಿತು. ಟೋಕನ್ ತೆಗೆದುಕೊಂಡವರು ಯಾರೂ ಅತ್ತ ಹೋಗಿರಲಿಲ್ಲ. ಹದಿನಾಲ್ಕು ವರ್ಷದಲ್ಲಿ ಅವಳು ತಿರುಗಿ ನೋಡಿದ್ದು ಕಡಿಮೆ. ಅಂದು ತಿರುಗಿದಳು. ಮಗಳು ತುದಿಗಾಲಲ್ಲಿ ನಿಂತು ಹ್ಯಾಂಡಲ್ ಹಿಡಿದಿದ್ದಳು. ಅದೇ ಹೊತ್ತಿಗೆ ಬಸಣ್ಣ ಬಾಗಿಲಲ್ಲಿ ಕಾಣಿಸಿಕೊಂಡ. "ಏನಮ್ಮ, ಟೋಕನ್ ಎಲ್ಲಿಂದ ಬಂತು?" ಎಂದ. ಆ ಪ್ರಶ್ನೆಯ ಹಿಂದೆಯೇ ಬರಲಿದ್ದ ಇನ್ನೊಂದು ಮಾತು ಮಂಜುಳಮ್ಮನಿಗೆ ಗೊತ್ತಿತ್ತು. ತನ್ನಂಥವರ ಮನೆಯ ಮಕ್ಕಳಿಗೆ ಆ ಮಾತು ಎಷ್ಟು ಸಲೀಸಾಗಿ ಅಂಟುತ್ತದೆಂದೂ ಗೊತ್ತಿತ್ತು. ಬೇರೆಯವರ ಬಾಯಿಂದ ಅದು ಬೀಳುವ ಮೊದಲೇ ತಾನು ಹೋಗಿ ಮಗಳ ಕೆನ್ನೆಗೆ ಬಾರಿಸಿದಳು. ಎಲ್ಲ ಹುಡುಗರೂ ಆಟ ನಿಲ್ಲಿಸಿ ನೋಡಿದರು. ಮಗು ಅಳಲಿಲ್ಲ, ಒಂದು ಮಾತೂ ಆಡಲಿಲ್ಲ. ಅಂದಿನಿಂದ ಸ್ಟೂಲನ್ನು ಗೋಡೆ ಕಡೆಗೆ ತಿರುಗಿಸಿಕೊಂಡು ಲೆಕ್ಕ ಮಾಡತೊಡಗಿತು.

"ಅಕ್ಕಾ, ಟೀ ಆಮೇಲಾಯ್ತು, ಬನ್ನಿ!" ಎಂದು ಅಕ್ತರ್ ಕೂಗಿದ.

ಮಂಜುಳಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ಕುರ್ಚಿಯ ಅಂಚಿನಲ್ಲಿ ಕೂತಳು. ಅವಳ ತೊಡೆಯ ಮೇಲೆ ಮರದ ಪೆಟ್ಟಿಗೆ ಇಟ್ಟ ಅಕ್ತರ್, "ಈ ಚಿಕ್ಕ ಗುಂಡಿ ಇದ್ಯಲ್ಲ, ಇದೇ ಟೋಕನ್ನು. ಒತ್ತಿದ್ರೆ ಒಂದು ಟೋಕನ್ ಹಾಕ್ದಂಗೆ. ಎಷ್ಟು ಸಲ ಬೇಕಾದ್ರೂ ಒತ್ತಿ, ಯಾರೂ ಕೇಳಲ್ಲ," ಎಂದ.

ಅವಳು ಒಂದೇ ಒಂದು ಸಲ ಒತ್ತಿದಳು. ಸಂಗೀತ ಶುರುವಾಯಿತು. ಕೆಂಪು ಗಾಳಿಪಟ ಮೇಲೆದ್ದಿತು, ಮೊದಲ ಮೋಡಕ್ಕೇ ಹೊಡೆದು ಹರಿದು ಬಿತ್ತು. ಮೂರು ಲೈಫು ಮುಗಿಯಲು ಒಂದು ನಿಮಿಷವೂ ಹಿಡಿಯಲಿಲ್ಲ.

"ಮತ್ತೆ ಒತ್ತು ಅಮ್ಮ, ಬಿದ್ದಲ್ಲಿಂದ್ಲೇ ಶುರುವಾಗುತ್ತೆ," ಎಂದಳು ಯಮುನಾ.

"ಬೇಡ. ಒಂದು ಟೋಕನ್ ಅಂದ್ರೆ ಒಂದು ಆಟ. ಮೊದಲಿಂದ ಆಡ್ತೀನಿ."

ಅಕ್ತರ್ ತೊಡೆ ತಟ್ಟಿ ನಕ್ಕ. "ನೋಡಮ್ಮ, ಯಾರೂ ಹೇಳಿಕೊಡದೇನೇ ಅಕ್ಕನಿಗೆ ಗೊತ್ತು! ಇದನ್ನ ಚೆನ್ನಾಗಿ ಆಡೋರು ಇರ್ತಾರಲ್ಲ, ಅವ್ರೂ ಹಿಂಗೇ. ಒಂದೇ ಟೋಕನ್ನಲ್ಲಿ ಕೊನೇ ತನಕ ಹೋಗೋದೇ ಅವ್ರ ಹಠ. ಬಿದ್ದಲ್ಲೇ ಎದ್ದು ಓಡ್ತಾ ಇದ್ರೆ ಏನೂ ಕಲಿಯೋಕಾಗಲ್ಲ."

ಇನ್ನೆರಡು ಆಟ ನೋಡಿದ ಮೇಲೆ ಅವನ ಹುಬ್ಬು ಗಂಟಿಕ್ಕಿತು. ಅಕ್ಕನ ಕೈ ಸರಿಯಾಗಿಯೇ ತಿರುಗುತ್ತಿತ್ತು, ಗಾಳಿಪಟ ಮಾತ್ರ ಚೂರು ತಡವಾಗಿ ಸರಿಯುತ್ತಿತ್ತು. ಟಿವಿಯ ರಿಮೋಟ್ ತೆಗೆದುಕೊಂಡು ಸೆಟ್ಟಿಂಗಿನಲ್ಲಿ ಹುಡುಕಿ 'ಗೇಮ್' ಎಂದಿದ್ದ ಕಡೆ ಒತ್ತಿದ. "ಈ ಹೊಸ ಟಿವಿ ಚಿತ್ರ ಚೆಂದ ಮಾಡೋಕೆ ಹೋಗಿ ಲೇಟ್ ಮಾಡ್ತಾವೆ. ಮನೇಲಿ ಆಡೋರಿಗೆ ಇದು ತಿಳಿಯಲ್ಲ, ನಮ್ಮ ಕೈಯಲ್ಲೇ ತಪ್ಪು ಅಂದ್ಕೋತಾರೆ." ಈಗ ಗಾಳಿಪಟ ಕೈ ಹೇಳಿದಂತೆ ಕೇಳಿತು.

ಆಮೇಲೆ ಹಿಡಿತ. ಹ್ಯಾಂಡಲನ್ನು ಮುಷ್ಟಿಯಲ್ಲಿ ಹಿಚುಕಬಾರದು, ಲೋಟ ಹಿಡಿದಷ್ಟು ಸಡಿಲ ಇರಬೇಕು. ದೂರ ಓಡಬಾರದು, ಸಾರಿಗೆ ಉಪ್ಪು ಹಾಕುವ ಹಾಗೆ ಚೂರುಚೂರೇ ಸರಿಯಬೇಕು. "ಇನ್ನೊಂದು ಮಾತು ಅಕ್ಕ. ನೀವು ನಿಮ್ಮ ಗಾಳಿಪಟಾನೇ ನೋಡ್ತಾ ಇದ್ದೀರ. ಬಸ್ ಡ್ರೈವರ್ ಸ್ಟೇರಿಂಗ್ ನೋಡ್ತಾನಾ? ರೋಡ್ ನೋಡ್ತಾನೆ. ಎದುರಿಂದ ಏನು ಬರ್ತಾ ಇದೆ ಅದನ್ನ ನೋಡಿ. ಗಾಳಿಪಟ ಎಲ್ಲಿದೆ ಅಂತ ಕೈಗೆ ಗೊತ್ತಿರುತ್ತೆ."

ಅವನು ಹೊರಟ ಮೇಲೆ ಯಮುನಾ ಫೋನಿನ ಕ್ಯಾಮೆರಾ ಟಿವಿಗೆ ಹಿಡಿದು ಆಟದ ಹೆಸರನ್ನು ಓದಿಸಿದಳು. ಸುಳಿಗಾಳಿಯ ಅಕ್ಕತಂಗಿಯರು ಎಂದು ಬಂತು. "ಇಷ್ಟು ವರ್ಷ ಹೆಸ್ರೇ ಗೊತ್ತಿರ್ಲಿಲ್ಲ ನೋಡು," ಎಂದು ಮಂಜುಳಮ್ಮ ಗಲ್ಲದ ಮೇಲೆ ಬೆರಳಿಟ್ಟುಕೊಂಡಳು.

ಮಗಳು ಶಾಲೆಗೆ ಹೋದ ಮೇಲೆ, ಪಾತ್ರೆ ತೊಳೆದು ಬಟ್ಟೆ ಒಣಗಿಸಿ, ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಆಡುವುದೆಂದು ಅವಳೇ ಕಟ್ಟು ಮಾಡಿಕೊಂಡಳು. ಮೊದಲ ವಾರ ಬರೀ ಸೋಲು. ಕಿವಿಗೆ ಎಲ್ಲ ಗೊತ್ತು, ಕಣ್ಣಿಗೆ ಏನೂ ಗೊತ್ತಿಲ್ಲ. ಎಂಟನೇ ದಿನವೋ ಒಂಬತ್ತನೇ ದಿನವೋ ಅವಳಿಗೆ ಒಂದು ಹೊಳೆಯಿತು. ಸಿಡಿಲು ಬೀಳುವ ಮೊದಲು ಸಂಗೀತದ ಅಡಿಯಲ್ಲಿ ಟಿಕ್ ಟಿಕ್ ಎಂದು ಎರಡು ಸಣ್ಣ ಸದ್ದು ಬರುತ್ತಿತ್ತು. ಪಾರ್ಲರಿನ ಗಲಾಟೆಯಲ್ಲಿ ಹುಡುಗರಿಗೆ ಅದು ಕೇಳುತ್ತಲೇ ಇರಲಿಲ್ಲವೇನೋ. ಆ ಸದ್ದು ಕೇಳಿದೊಡನೆ ಒಂದು ಚೂರು ಎಡಕ್ಕೆ ಸರಿದಳು. ಸಿಡಿಲು ಪಕ್ಕದಲ್ಲಿ ಬಿತ್ತು. ಮುಂದಿನದಕ್ಕೂ ಸರಿದಳು. ಅದೂ ಪಕ್ಕದಲ್ಲೇ ಬಿತ್ತು. ಹುಡುಗರು ಎಲ್ಲೆಲ್ಲಿ ಅಯ್ಯೋ ಎಂದು ಕೂಗುತ್ತಿದ್ದರೋ ಅಲ್ಲೆಲ್ಲ ಮೊದಲೇ ಕೆಳಗಿನ ಮೂಲೆಗೆ ಹೋಗಿ ಕಾದಳು. ಅಂದು ಕೊಕ್ಕರೆಯನ್ನು ಕೆಡವಿ ಮೂರನೇ ರೌಂಡು ಕಂಡಳು. ಸಂಜೆ ಮಗಳು ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ, "ಕೊಕ್ಕರೆ ಸತ್ತೋಯ್ತು ಕಣೇ!" ಎಂದಳು.

"ಹಂಗಾದ್ರೆ ನಾನೂ ಬರ್ತೀನಿ ಇವತ್ತು," ಎಂದ ಯಮುನಾ ಸೀರೆ ಕೂಡ ಬದಲಿಸದೆ, ಪೆಟ್ಟಿಗೆಯ ಜೊತೆ ಬಂದಿದ್ದ ಚಿಕ್ಕ ರಿಮೋಟ್ ಹಿಡಿದು ಅಮ್ಮನ ಪಕ್ಕ ಕೂತಳು. ಆಟದೊಳಗಿನ ಅಕ್ಕನದು ಕೆಂಪು ಗಾಳಿಪಟ, ತಂಗಿಯದು ನೀಲಿ. ಯಮುನಾ ನೀಲಿಯನ್ನು ತೆಗೆದುಕೊಂಡಳು. ಮಕ್ಕಳಿಗೆ ಪಾಠ ಹೇಳುವ ಆ ಗಟ್ಟಿ ಹೆಂಗಸು ತುಟಿ ಕಚ್ಚಿಕೊಂಡು, ಮೈಯನ್ನೆಲ್ಲ ಬಲಕ್ಕೆ ಎಡಕ್ಕೆ ಬಳುಕಿಸುತ್ತ ಆಡಿದ್ದನ್ನು ಓರೆಗಣ್ಣಲ್ಲಿ ನೋಡಿದ ಮಂಜುಳಮ್ಮನಿಗೆ ತುದಿಗಾಲಲ್ಲಿ ನಿಂತಿದ್ದ ಒಂಬತ್ತು ವರ್ಷದವಳೇ ಕಂಡಳು. ಅವಳ ಕೈ ನಿಂತೇ ಹೋಯಿತು. ಕೆಂಪು ಗಾಳಿಪಟ ಹರಿದು ಬಿತ್ತು.

"ಏನಾಯ್ತಮ್ಮ?"

"ಅವತ್ತು ಪಾರ್ಲರಲ್ಲಿ ನಿಂಗೆ ಹೊಡೆದಿದ್ದೆ. ನೆನಪಿದ್ಯಾ?"

ಯಮುನಾ ಆಟ ನಿಲ್ಲಿಸಿದಳು. "ಇದೆ."

"ಕೆಳಗೆ ಬಿದ್ದಿದ್ದ ಟೋಕನ್ ಎತ್ಕೊಂಡಿರ್ತೀಯ ಅಷ್ಟೇ. ಮಗು. ಅದಕ್ಕೆ ಅಷ್ಟು ಜನದ ಮುಂದೆ..."

ಯಮುನಾ ರಿಮೋಟನ್ನು ಕೈಯಲ್ಲಿ ತಿರುಗಿಸುತ್ತ ಕೂತಳು. ಆಮೇಲೆ ಮೆಲ್ಲಗೆ ಹೇಳಿದಳು: "ಬಿದ್ದಿರ್ಲಿಲ್ಲ ಅಮ್ಮ. ಅಕ್ತರ್ ಅಂಕಲ್ ಕೊಟ್ಟಿದ್ರು. ಮಷೀನ್ ಟೆಸ್ಟ್ ಮಾಡೋಕೆ ಅಂತ ಅವ್ರ ಹತ್ರ ಇರ್ತಿತ್ತಲ್ಲ, ಅದು. 'ದಿನಾ ಲೆಕ್ಕ ಮಾಡ್ತೀಯ, ಒಂದು ಆಟ ಆಡು' ಅಂದ್ರು."

"ಮತ್ತೆ ಯಾಕೆ ಹೇಳ್ಲಿಲ್ಲ? ಇಷ್ಟು ವರ್ಷ?"

"ಹೇಳಿದ್ರೆ ಅವ್ರ ಕೆಲ್ಸ ಹೋಗ್ತಿತ್ತು. ಬಸಣ್ಣ ಅಲ್ಲೇ ನಿಂತಿದ್ರು. ಆಮೇಲೆ... ಆಮೇಲೆ ಹೇಳಿದ್ರೆ ನಿಂಗೆ ಬೇಜಾರಾಗುತ್ತೆ ಅನ್ನಿಸ್ತು."

ಮಂಜುಳಮ್ಮ ತನ್ನ ಬಲಗೈಯನ್ನು ನೋಡಿಕೊಂಡಳು. ಕೆನ್ನೆ ಊದಿಕೊಂಡು, ಬಾಯಿ ಮುಚ್ಚಿಕೊಂಡು, ಮನೆಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಕಡೆ ಕೂತಿದ್ದ ಮಗು. ಆ ಹೊತ್ತಿನಲ್ಲೂ ಬೇರೆಯವರ ಅನ್ನದ ಬಗ್ಗೆ ಯೋಚಿಸಿದ್ದ ಮಗು. ತಾನು ಮಗಳನ್ನು ಕಳ್ಳತನದ ಮಾತಿನಿಂದ ಉಳಿಸಿದೆನೆಂದುಕೊಂಡಿದ್ದಳು. ಅಂದು ನಿಜವಾಗಿ ಒಬ್ಬರ ಕೆಲಸ ಉಳಿಸಿದವಳು ಯಮುನಾ. ಮಂಜುಳಮ್ಮ ಮಗಳ ಕೆನ್ನೆಯ ಮೇಲೆ ಅಂಗೈ ಇಟ್ಟಳು. ಮೂವತ್ತೆಂಟು ವರ್ಷದ ಯಮುನಾ ಆ ಅಂಗೈಗೆ ಮುಖ ಒರಗಿಸಿ ಕೂತಳು. ಇಬ್ಬರೂ ಅತ್ತರು, ಸ್ವಲ್ಪವೇ. ಪಕ್ಕದ ಮನೆಯ ಶಾಂತಕುಮಾರಿ ಮೊಸರು ಕೇಳಿಕೊಂಡು ಬಾಗಿಲಿಗೆ ಬಂದದ್ದರಿಂದ ಕಣ್ಣೊರೆಸಿಕೊಂಡು ಏಳಬೇಕಾಯಿತು.

ಅಕ್ತರ್ ಮತ್ತೆ ಬಂದದ್ದು ಅದರ ಮುಂದಿನ ಭಾನುವಾರ, ಶಿವಾಜಿನಗರದ ಬೇಕರಿಯಿಂದ ಕೊಬ್ಬರಿ ತುಂಬಿದ ದಿಲ್‌ಪಸಂದ್ ಕಟ್ಟಿಸಿಕೊಂಡು. ಮಂಜುಳಮ್ಮ ಟೀ ಲೋಟ ಕೈಗೆ ಕೊಡುತ್ತ, "ಭಾಯ್, ಅವತ್ತಿನ ಟೋಕನ್ ನಿಮ್ಮದಂತೆ," ಎಂದಳು.

ಅವನು ಲೋಟವನ್ನು ನೆಲದ ಮೇಲಿಟ್ಟ. "ಹಿಂದಿನ ರೂಮಲ್ಲಿದ್ದೆ ಅಕ್ಕ. ಸದ್ದು ಕೇಳಿ ಹೊರಗೆ ಬರೋ ಹೊತ್ತಿಗೆ ಎಲ್ಲ ಮುಗಿದುಹೋಗಿತ್ತು. ಮಗು ನನ್ನ ಮುಖ ನೋಡ್ತು, ನಾನು ನೆಲ ನೋಡ್ದೆ. ಮನೇಲಿ ಮೂರು ಮಕ್ಳು, ತಂಗಿ ಮದ್ವೆ ಬೇರೆ. ನಾಳೆ ಹೇಳೋಣ, ನಾಳೆ ಹೇಳೋಣ ಅಂತಾನೇ ದಿನ ಹೋಯ್ತು. ಹೋದ ತಿಂಗ್ಳು ಇವಳು ಅಂಗಡಿ ಮುಂದೆ ನಿಂತಾಗ ಬೈಯೋಕೇ ಬಂದಿದ್ದಾಳೆ ಅಂದ್ಕೊಂಡೆ. ನಗ್ತಾ ನಿಂತಿದ್ಳು." ಅವನು ಯಮುನಾ ಕಡೆ ತಿರುಗಿ ಕೈ ಜೋಡಿಸಲು ಹೋದ.

ಯಮುನಾ ಆ ಕೈಗಳನ್ನು ಹಿಡಿದು ಕೆಳಗಿಳಿಸಿದಳು. "ಬಿಡಿ ಅಂಕಲ್. ಆ ಸ್ಟೂಲ್ ಮೇಲೆ ದಿನಾ ಕೂರ್ತಿದ್ದ ನಂಗೆ, ಆಡು ಅಂತ ಹೇಳ್ದೋರು ನೀವೊಬ್ರೇ."

ಮಂಜುಳಮ್ಮ ಸಿಟ್ಟು ಬರಬಹುದೆಂದು ಒಳಗೆ ಹುಡುಕಿ ನೋಡಿಕೊಂಡಳು. ಸಿಗಲಿಲ್ಲ. ಕೆಲಸ ಹೋಗುವ ಭಯ ಎಂಥದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಾರು? ಆ ಸಂಜೆ ಅವಳ ಕೈಯನ್ನು ಎತ್ತಿಸಿದ್ದೂ ಅದೇ ಭಯ. ನೆಲದ ಮೇಲಿದ್ದ ಲೋಟವನ್ನು ಎತ್ತಿ ಮತ್ತೆ ಅವನ ಕೈಗೆ ಕೊಟ್ಟಳು.

"ಆರಿ ಹೋಗುತ್ತೆ, ಕುಡೀರಿ ಭಾಯ್. ಆಮೇಲೆ ನಾಲ್ಕನೇ ರೌಂಡಲ್ಲಿ ಆ ಗುಂಡು ಹಾರಿಸೋ ನಗಾರಿ ಇದ್ಯಲ್ಲ, ಅದನ್ನ ಹೆಂಗೆ ಕೆಡವೋದು ಅಂತ ಹೇಳ್ಕೊಡಿ. ಎರಡು ದಿನದಿಂದ ಸಾಯಿಸ್ತಾ ಇದೆ ನನ್ನ."

ಅಕ್ತರ್ ಮೂಗು ಸೀಟಿಕೊಂಡು, ನಕ್ಕು, ಕುರ್ಚಿ ಎಳೆದುಕೊಂಡ. ನಗಾರಿ ಹತ್ತಿರ ಬಂದಾಗ ಹೆದರಿ ಹಿಂದೆ ಓಡಿದರೆ ಕೆಲಸ ಕೆಡುತ್ತದೆಂದೂ ಅದರ ಕೆಳಗೇ ನುಗ್ಗಿ ನಿಂತರೆ ಗುಂಡು ತಾಗುವುದಿಲ್ಲವೆಂದೂ ತೋರಿಸಿಕೊಟ್ಟ. ಮಂಜುಳಮ್ಮ ನಾಲ್ಕು ಸಲ ಹೆದರಿ ಓಡಿದಳು. ಐದನೆಯ ಸಲ ನುಗ್ಗಿದಳು.

ಆರು ರೌಂಡೂ ಮುಗಿಯಲು ಇನ್ನೂ ಎರಡು ತಿಂಗಳು ಹಿಡಿಯಿತು. ಅವಳೊಬ್ಬಳಿಂದ ಆಗಲಿಲ್ಲ. ಐದನೆಯದನ್ನು ಇಂದಿಗೂ ಒಬ್ಬಳೇ ದಾಟಿಲ್ಲ. ದಸರಾ ರಜೆಯ ಒಂದು ಮಧ್ಯಾಹ್ನ, ಊಟವಾದ ಮೇಲೆ, ತಾಯಿ ಮಗಳು ಇಬ್ಬರೂ ಒಂದೊಂದೇ ಟೋಕನ್ ಹಾಕಿ ಕೂತರು. ಟಿಕ್ ಟಿಕ್ ಎಂದಾಗಲೆಲ್ಲ "ಎಡಕ್ಕೆ!", "ಬಲಕ್ಕೆ!" ಎಂದು ಮಂಜುಳಮ್ಮ ಕೂಗಿದಳು. ಗುಂಡುಗಳು ಎಷ್ಟೆಷ್ಟು ಅಂತರದಲ್ಲಿ ಬರುತ್ತವೆಂದು ಎಣಿಸಿ ಯಮುನಾ ಸಂದು ಹುಡುಕಿದಳು. ಆಟದ ಕೊನೆಯ ವೈರಿ ಒಂದು ದೊಡ್ಡ ಬಿರುಗಾಳಿ. ಅದರ ಕಣ್ಣಿಗೆ ಹೊಡೆಯುತ್ತಿರುವಾಗ ಮಂಜುಳಮ್ಮನ ಕೊನೆಯ ಲೈಫು ಹೋಯಿತು.

"ನೀನು ಆಡು, ನೀನು ಆಡು, ನನ್ನ ನೋಡ್ಬೇಡ!" ಎಂದು ಅವಳು ಕುರ್ಚಿಯಿಂದ ಎದ್ದೇ ನಿಂತಳು, ಮಂಡಿನೋವನ್ನೂ ಮರೆತು. ನೀಲಿ ಗಾಳಿಪಟ ಒಂಟಿಯಾಗಿ ಸಂದಿಯಿಂದ ಸಂದಿಗೆ ನುಸುಳಿ, ಹೊಡೆದು, ಮತ್ತೆ ನುಸುಳಿತು. ಬಿರುಗಾಳಿ ಒಡೆದು ಚೂರಾಯಿತು. ಪರದೆಯ ಮೇಲೆ ಸತ್ತಿದ್ದ ಅಕ್ಕನೂ ಎದ್ದು ಬಂದಳು, ಇಬ್ಬರೂ ಹುಡುಗಿಯರು ಒಂದು ಗುಡ್ಡದ ಮೇಲೆ ಇಳಿದು ಗಾಳಿಪಟ ಮಡಚಿ ಕಂಕುಳಲ್ಲಿಟ್ಟುಕೊಂಡು ನಡೆದರು. ಹಿಂದೆ ಒಂದು ನಿಧಾನವಾದ ಹಾಡು ಬಂತು. ಆ ಹಾಡನ್ನು ಮಂಜುಳಮ್ಮ ಯಾವತ್ತೂ ಕೇಳಿರಲಿಲ್ಲ. ಹದಿನಾಲ್ಕು ವರ್ಷದಲ್ಲಿ ಒಬ್ಬ ಹುಡುಗನೂ ಅಲ್ಲಿಯವರೆಗೆ ಹೋಗಿರಲಿಲ್ಲ.

ಹಾಡನ್ನು ಇಬ್ಬರೂ ಕೊನೆಯವರೆಗೆ ಕೇಳಿದರು. ಮುಗಿದ ಮೇಲೆ ಯಮುನಾ ಅಕ್ತರನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದಳು. ಅವನು ಅಂಗಡಿಯಲ್ಲೇ ಕುಣಿದನೆಂದು ಆಮೇಲೆ ಗೊತ್ತಾಯಿತು.

ರಜೆ ಮುಗಿದು ಮಗಳು ಶಾಲೆಗೆ ಹೊರಟ ಸೋಮವಾರ, ಹತ್ತು ಗಂಟೆಗೆ ಮಂಜುಳಮ್ಮ ಮರದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಪಟ್ಟಿಯಲ್ಲಿದ್ದ ಕುಸ್ತಿ ಆಟವನ್ನು ಆರಿಸಿದಳು. ಅದರಲ್ಲಿ ಯಾವ ಗುಂಡಿಗೆ ಒದೆ, ಯಾವುದಕ್ಕೆ ಗುದ್ದು ಎನ್ನುವುದೊಂದೂ ಅವಳಿಗೆ ತಿಳಿಯದು. ಎದುರಿನ ದಡೂತಿ ಪೈಲ್ವಾನ ಅವಳ ಆಳನ್ನು ಎತ್ತಿ ಕಂಬದಾಚೆ ಎಸೆದ. ಇಪ್ಪತ್ತು ಸೆಕೆಂಡಿನಲ್ಲಿ ಆಟ ಮುಗಿಯಿತು. ಎಸೆದ ರೀತಿ ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ. ಒಬ್ಬಳೇ ಜೋರಾಗಿ ನಗುವುದನ್ನು ಕೇಳಿದ ಶಾಂತಕುಮಾರಿ ಕಿಟಕಿಯಲ್ಲಿ ಇಣುಕಿದಳು.

"ಏನ್ರೀ ಮಂಜುಳಮ್ಮ, ಏನಾಯ್ತು?"

"ಬಿದ್ದೋದೆ ಕಣ್ರೀ," ಎಂದಳು ಮಂಜುಳಮ್ಮ, ಕಣ್ಣಲ್ಲಿ ಬಂದ ನೀರನ್ನು ಒರೆಸಿಕೊಳ್ಳುತ್ತ. "ಒಳಗೆ ಬನ್ನಿ, ತೋರಿಸ್ತೀನಿ."